14 ಅಡಿಯ ಅಲ್ಯೂಮಿನಿಯಂ ದೋಣಿ: ಚಪ್ಪಟೆ ತಳವೋ, ವಿ ತಳವೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ಕೆ.ಆರ್.ಎಸ್. ಹಿನ್ನೀರಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಬಲೆ ಬಿಡುತ್ತೀರಿ, ಹರಿಗೋಲು ಸಾಕಾಗಿ ಮೋಟರ್ ದೋಣಿಗೆ ಬರಬೇಕು ಅಂತಿದ್ದೀರಿ. ನೋಡಿಟ್ಟಿರುವ ಎರಡೂ ಸೆಕೆಂಡ್ ಹ್ಯಾಂಡ್, ಎರಡೂ 14 ಅಡಿ ಉದ್ದ, ನಾಲ್ಕಡಿ ಅಗಲ. ಒಂದು ಚಪ್ಪಟೆ ತಳದ ಚೌಕ ಮೂತಿಯದು, ಇನ್ನೊಂದು ವಿ ತಳದ ಚೂಪು ಮೂತಿಯದು. ಮೂರು ಜನ, ಬಲೆ, ಮೀನಿನ ಕ್ರೇಟು. 15 ಹೆಚ್.ಪಿ. ಶಾರ್ಟ್ ಶಾಫ್ಟ್ ಮೋಟರ್, ಅಂದರೆ ನೀರಿಗಿಳಿಯುವ ಕಾಲು ಗಿಡ್ಡಗಿರುವುದು, ಆಗಲೇ ಕೈಲಿದೆ. ಯಾವುದು ತಗೊಳ್ಳಲಿ ಅಂತ.

ನನ್ನ ಓಟು ವಿ ತಳಕ್ಕೆ. ನಿಮ್ಮ ಬಲೆ ದಡದಿಂದ ಇನ್ನೂರು ಮುನ್ನೂರು ಮೀಟರ್ ಒಳಗೇ, ಗಾಳಿ ಮರೆಯಾಗುವ ಕೊಲ್ಲಿಗಳಲ್ಲೇ ಇದ್ದರೆ ಮಾತ್ರ ಚಪ್ಪಟೆ ತಳದ್ದು ತಗೊಳ್ಳಿ. ಉಳಿದದ್ದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ಕೆ.ಆರ್.ಎಸ್. ತುಂಬಿದಾಗ ನೀರು ಹರಡುವುದು ಸುಮಾರು 130 ಚದರ ಕಿ.ಮೀ. ಇಷ್ಟು ಬಯಲಲ್ಲಿ ಗಾಳಿಗೆ ತಡೆಯೇ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಮುಂಗಾರು ಗಾಳಿ, ಅಂದರೆ ನಮ್ಮ ಆಷಾಢದ ಗಾಳಿ, ಹಿನ್ನೀರಿನ ಉದ್ದಕ್ಕೂ ಓಡಿ ಬಂದರೆ ಈಚೆ ದಡದಲ್ಲಿ ಒಂದಡಿ ಅಲೆ ಏಳುವುದು ದೊಡ್ಡ ಮಾತಲ್ಲ. ಬಲೆ ಎತ್ತುವುದು ಬೆಳಗಿನ ಜಾವ, ಆಗ ನೀರು ಸಾಮಾನ್ಯವಾಗಿ ಶಾಂತ. ಬಲೆ ಬಿಡುವುದು ಸಂಜೆ, ತೊಂದರೆ ಇರುವುದು ಆಗಲೇ. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆ ಬೇರೆ, ಹತ್ತು ನಿಮಿಷದಲ್ಲಿ ನೀರಿನ ಮುಖವೇ ಬದಲಾಗುತ್ತದೆ. ದೋಣಿ ಆರಿಸುವಾಗ ಬೆಳಗ್ಗೆ ಆರು ಗಂಟೆಯ ನೀರನ್ನಲ್ಲ, ಸಂಜೆ ಐದರ ನೀರನ್ನು ನೋಡಬೇಕು.

ಚಪ್ಪಟೆ ತಳ ಅಲೆಯನ್ನು ಸೀಳುವುದಿಲ್ಲ, ಅದರ ಮೇಲೆ ಬೀಳುತ್ತದೆ. ಪ್ರತಿ ಅಲೆಗೂ ಪಟಾರ್ ಅಂತ ಒಂದೇಟು. ಬೆನ್ನು ನೋಯುವುದು ಇರಲಿ, ಆ ಏಟೆಲ್ಲ ರಿವೆಟ್ಟುಗಳಿಗೂ ತಳದ ಅಡ್ಡಪಟ್ಟಿಗಳಿಗೂ ಬೀಳುತ್ತದೆ. ಅದಕ್ಕಿಂತ ಅಪಾಯ ಚೌಕ ಮೂತಿಯದು. ಅಲೆ ಹಿಂದಿನಿಂದ ಬರುವಾಗ ಥಟ್ಟನೆ ಥ್ರಾಟಲ್ ಇಳಿಸಿದರೆ ಮೂತಿ ಮುಂದಿನ ಅಲೆಗೆ ಹೊಕ್ಕು, ಮೊರದಲ್ಲಿ ಬಾಚಿದ ಹಾಗೆ ನೀರು ಒಳಗೆ ತುಂಬಿಕೊಳ್ಳುತ್ತದೆ. ತಿರುವಿನಲ್ಲೂ ಚಪ್ಪಟೆ ತಳ ಹಿಡಿತವಿಲ್ಲದೆ ಪಕ್ಕಕ್ಕೆ ಜಾರುತ್ತದೆ.

ಚಪ್ಪಟೆ ತಳದ ಪರ ಎಲ್ಲರೂ ಮೊದಲು ಹೇಳುವುದು "ಕಡಿಮೆ ನೀರಲ್ಲೂ ಹೋಗುತ್ತೆ" ಅಂತ. ಲೆಕ್ಕ ಹಾಕಿ ನೋಡಿ. ದೋಣಿ, ಮೋಟರ್, ಮೂವರು, ಬಲೆ, ಪೆಟ್ರೋಲ್ ಎಲ್ಲ ಸೇರಿ 430 ಕೆ.ಜಿ. ಅಂದುಕೊಂಡರೆ ನಿಮ್ಮ ಅಳತೆಯ ಚಪ್ಪಟೆ ದೋಣಿ ಸುಮಾರು 10 ಸೆಂ.ಮೀ. ಮುಳುಗುತ್ತದೆ, ವಿ ತಳದ್ದು 16-18 ಸೆಂ.ಮೀ. ಆದರೆ ಮೋಟರ್ ಇಳಿಸಿದ ಮೇಲೆ ಅದರ ಕಾಲು ತಳಕ್ಕಿಂತ ಇನ್ನೂ ಒಂದಡಿ ಕೆಳಗಿರುತ್ತದೆ. ಅಂದರೆ ಮೋಟರ್ ಓಡುತ್ತಿರುವಾಗ ಒಂದಕ್ಕೆ 40 ಸೆಂ.ಮೀ. ನೀರು ಬೇಕು, ಇನ್ನೊಂದಕ್ಕೆ 48. ಈ ಎಂಟು ಸೆಂ.ಮೀ.ಗೋಸ್ಕರ ಸಂಜೆಯ ಅಲೆ ತಿನ್ನುವುದು ಲಾಭದ ವ್ಯಾಪಾರ ಅಲ್ಲ. ಮೋಟರ್ ಎತ್ತಿ ಗಳ ಹಾಕಿ ಜೊಂಡಿನೊಳಗೆ ನುಗ್ಗುವವರಿಗೆ, ಬೇಸಿಗೆಯಲ್ಲಿ ಕೆಸರು ದಡಕ್ಕೆ ದಿನಾ ದೋಣಿ ಎಳೆಯುವವರಿಗೆ ಅದು ನಿಜವಾದ ಲಾಭ.

ಚಪ್ಪಟೆ ತಳ ನಿಜಕ್ಕೂ ಗೆಲ್ಲುವುದು ಬಲೆ ಎಳೆಯುವಾಗ. ಇಬ್ಬರು ಒಂದೇ ಬದಿಗೆ ಬಾಗಿ ಒದ್ದೆ ಬಲೆ ಎತ್ತಿದರೂ ಅದು ಹೆಚ್ಚು ವಾಲುವುದಿಲ್ಲ. ವಿ ತಳ ಕಾಲಿಟ್ಟ ತಕ್ಷಣ ಒಂದು ಕಡೆಗೆ ವಾಲುತ್ತದೆ, ಹರಿಗೋಲಿನಿಂದ ಬಂದವರಿಗೂ ಮೊದಲು ಎದೆ ಝಲ್ ಅನ್ನುತ್ತದೆ. ಆದರೆ ಸ್ವಲ್ಪ ವಾಲಿದ ಮೇಲೆ ಅದು ಬಿಗಿಯಾಗಿ ನಿಲ್ಲುತ್ತದೆ. ಚಪ್ಪಟೆಯದು ಉಲ್ಟಾ: ಕೊನೆವರೆಗೂ ಗಟ್ಟಿ ಇದ್ದು, ಬದಿಯ ಅಂಚು ನೀರಿಗೆ ತಾಕಿತೋ, ಆಮೇಲೆ ಎಚ್ಚರಿಕೆ ಕೊಡುವುದಿಲ್ಲ. ವಿ ತಳದಲ್ಲಿ ಒಬ್ಬ ಮೊಣಕಾಲೂರಿ ಬಲೆ ಎಳೆಯಲಿ, ಇನ್ನೊಬ್ಬ ಎದುರು ಬದಿಯಲ್ಲಿ ಕೂರಲಿ. ನಿಂತು ಎಳೆಯುವುದು ಅನುಕೂಲ ಅಂತ ಪ್ಲೈವುಡ್ ಅಟ್ಟ ಕಟ್ಟಿಸಲು ಹೋಗಬೇಡಿ. ಭಾರ ಮೇಲಕ್ಕೆ ಹೋದಷ್ಟೂ ದೋಣಿ ಮಗುಚುವುದು ಸುಲಭ.

"ವಿ ತಳ" ಅಂತ ಮಾರುವವನು ಹೇಳಿದ ಮಾತ್ರಕ್ಕೆ ನಂಬಬೇಡಿ. ಎಷ್ಟೋ ದೋಣಿಗಳು ಮೂತಿಯಲ್ಲಿ ವಿ, ಹಿಂದೆ ಬರಬರುತ್ತ ಚಪ್ಪಟೆ. ಹಿಂಬದಿಯಿಂದ ನೋಡಿ: ನಡು ಕೀಲ್‌ಗೆ (ತಳದ ಮಧ್ಯದಲ್ಲಿ ಉದ್ದಕ್ಕೂ ಓಡುವ ಏಣಿಗೆ) ತಾಗುವಂತೆ ಅಡ್ಡಲಾಗಿ ಒಂದು ನೇರವಾದ ಪಟ್ಟಿ ಮಟ್ಟಕ್ಕೆ ಹಿಡಿದು, ತಳ ಮತ್ತು ಪಕ್ಕದ ತಗಡು ಸೇರುವ ಮೂಲೆಗೂ ಪಟ್ಟಿಗೂ ನಡುವೆ ಎಷ್ಟು ಸಂದು ಅಂತ ಅಳೆಯಿರಿ. ಕೀಲ್‌ನಿಂದ ಮೂಲೆಗೆ 60 ಸೆಂ.ಮೀ. ಇದ್ದು ಸಂದು 5 ಸೆಂ.ಮೀ. ಬಂದರೆ ಕೋನ 5 ಡಿಗ್ರಿ, ಅದು ಹೆಚ್ಚುಕಡಿಮೆ ಚಪ್ಪಟೆಯೇ. 10 ಬಂದರೆ 9-10 ಡಿಗ್ರಿ, 16 ಬಂದರೆ 15 ಡಿಗ್ರಿ. ನಿಮ್ಮ ಕೆಲಸಕ್ಕೆ 10ರಿಂದ 12 ಡಿಗ್ರಿ ಹದವಾಗಿರುತ್ತದೆ. ಅದಕ್ಕಿಂತ ಹೆಚ್ಚಾದರೆ ವಾಲಾಟವೂ ಪೆಟ್ರೋಲೂ ಜಾಸ್ತಿ.

ಮೋಟರ್ ವಿಷಯ. ದೋಣಿಗೆ ಹೆಚ್ಚೆಂದರೆ ಎಷ್ಟು ಹೆಚ್.ಪಿ. ಹಾಕಬಹುದು ಅಂತ ಹೇಳುವ ಅಮೆರಿಕದ ಕೋಸ್ಟ್ ಗಾರ್ಡ್ ಸೂತ್ರದಲ್ಲಿ ಉದ್ದವನ್ನು ಹಿಂಬದಿ ಅಗಲದಿಂದ ಗುಣಿಸುತ್ತಾರೆ, ಎರಡೂ ಅಡಿಯಲ್ಲಿ: 14 × 4 = 56. ಕೈಹಿಡಿಯಿಂದ ನಡೆಸುವ ಮೋಟರಾದರೆ ಚಪ್ಪಟೆ ತಳಕ್ಕೆ ಅದರ ಅರ್ಧದಲ್ಲಿ 15 ಕಳೆಯಬೇಕು: 13, ಐದರ ಲೆಕ್ಕಕ್ಕೆ ಮೇಲಕ್ಕೆ ಸರಿಹೊಂದಿಸಿದರೆ 15 ಹೆಚ್.ಪಿ. ವಿ ಸೇರಿ ಬೇರೆ ತಳಕ್ಕೆ ಆ 56ನ್ನು 0.8ರಿಂದ ಗುಣಿಸಿ 25 ಕಳೆದರೆ 19.8, ಅಂದರೆ 20. ನಿಮ್ಮ ಮೋಟರ್ ಚಪ್ಪಟೆ ದೋಣಿಗೆ ಗರಿಷ್ಠ ಮಿತಿ, ವಿ ದೋಣಿಗೆ ಇನ್ನೂ ಜಾಗವಿದೆ. ಆದರೆ ಚಪ್ಪಟೆಯದು ಕಡಿಮೆ ಶಕ್ತಿಯಲ್ಲೇ ನೀರ ಮೇಲೆ ಎದ್ದು ಓಡುತ್ತದೆ. ವಿ ತಳ ಮೂವರ ಭಾರಕ್ಕೆ ಏಳಲು ತಿಣುಕಬಹುದು. ಹಾಗಾದರೆ ಕಡಿಮೆ ಪಿಚ್ಚಿನ (ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವ) ಪ್ರೊಪೆಲ್ಲರ್ ಹಾಕಿಸಿ, ಒಂದಿಂಚು ಪಿಚ್ ಇಳಿಸಿದರೆ ಪೂರ್ತಿ ಥ್ರಾಟಲಲ್ಲಿ 150-200 ಆರ್.ಪಿ.ಎಂ. ಏರುತ್ತದೆ. 15 ಹೆಚ್.ಪಿ. ಫೋರ್ ಸ್ಟ್ರೋಕ್ ಪೂರ್ತಿ ಥ್ರಾಟಲಲ್ಲಿ ಗಂಟೆಗೆ ಐದಾರು ಲೀಟರ್ ಕುಡಿಯುತ್ತದೆ.

ದುಡ್ಡು ಕೊಡುವ ಮುಂಚೆ ಮೋಟರ್ ಕೂರುವ ಹಿಂಬದಿ ಹಲಗೆಯ ಎತ್ತರ ಅಳೆಯಿರಿ. ಶಾರ್ಟ್ ಶಾಫ್ಟ್‌ಗೆ 15 ಇಂಚು, ಲಾಂಗ್ ಶಾಫ್ಟ್‌ಗೆ 20. ವಿ ತಳದ ದೋಣಿಗಳಲ್ಲಿ 20 ಇಂಚಿನವು ಬಹಳ. ಅದಕ್ಕೆ ಶಾರ್ಟ್ ಶಾಫ್ಟ್ ಕೂರಿಸಿದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಮೋಟರ್ ಬರೀ ಚೀರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ, ತಂಪು ನೀರೂ ಸರಿಯಾಗಿ ಏರುವುದಿಲ್ಲ. ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಇದು ಹೊಂದದಿದ್ದರೆ ನನ್ನ ಓಟು ವಾಪಸ್. ಹಲಗೆಯನ್ನು ಕತ್ತರಿಸಿ ತಗ್ಗಿಸಿದರೆ ಹಿಂದಿನಿಂದ ಅಲೆ ಒಳಗೆ ಬರುತ್ತದೆ.

ಅದೇ ಹಲಗೆಯ ಒಳಗಿನ ಮರವನ್ನೂ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ, ಟಣ್ ಅನ್ನುತ್ತಿದ್ದದ್ದು ಒಂದು ಕಡೆ ದೊಬ್ ಅಂದರೆ ಅಲ್ಲಿ ಕೊಳೆತಿದೆ. ಮೋಟರ್ ಇದ್ದರೆ ಅದರ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆ ಬಾಗಬಾರದು. ಹೊಸ ಪ್ಲೈ ಹಾಕಿಸುವಾಗ ತಾಮ್ರದ ಔಷಧಿ ಉಣಿಸಿದ ಹಸಿರು ಬಣ್ಣದ ಮರ ಬೇಡ. ತಾಮ್ರ ತಾಕಿದ ಅಲ್ಯೂಮಿನಿಯಂ ಒದ್ದೆಯಲ್ಲಿ ತೂತಾಗುತ್ತದೆ.

ಸೋರಿಕೆ ನೋಡಲು ದೋಣಿಯನ್ನು ನೀರಿಗಿಳಿಸಬೇಕಿಲ್ಲ, ನೀರನ್ನೇ ದೋಣಿಗೆ ಹಾಕಿ. ತಳದ ಉದ್ದಕ್ಕೂ ಹಳೆ ಟೈರು, ಮರಳು ಚೀಲ ಒತ್ತುಕೊಟ್ಟು ನಾಲ್ಕಿಂಚು ನೀರು ಬಿಡಿ. ಚಪ್ಪಟೆ ದೋಣಿಯಲ್ಲಿ ಅಷ್ಟಕ್ಕೇ ನಾನೂರು ಕೆ.ಜಿ. ಮೀರುತ್ತದೆ, ಬರೀ ಎರಡು ಕಡೆ ಆಧಾರ ಕೊಟ್ಟರೆ ತಗಡು ಬಗ್ಗುತ್ತದೆ. ಅರ್ಧ ಗಂಟೆ ಬಿಟ್ಟು ಹೊರಗಿನಿಂದ ಹನಿ ಬರುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದೆರಡು ರಿವೆಟ್ ತೊಟ್ಟಿಕ್ಕುವುದು ಮಾಮೂಲಿ: ಒಳಗಿನಿಂದ ಭಾರದ ಕಬ್ಬಿಣ ಒತ್ತಿಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಬಿಗಿ ಮಾಡಿದರೆ ನಿಲ್ಲುತ್ತದೆ. ಬದಲಿಸುವುದಾದರೆ ಮಾಮೂಲಿ ಪಾಪ್ ರಿವೆಟ್ ಬೇಡ, ಅದರ ನಡುವೆಯೇ ನೀರು ಬರುತ್ತದೆ. ಗಟ್ಟಿ ರಿವೆಟ್ ಅಥವಾ ತುದಿ ಮುಚ್ಚಿದ ರಿವೆಟ್ಟನ್ನು ಪಾಲಿಯುರೆಥೇನ್ ಸೀಲೆಂಟ್ ಸವರಿ ಹಾಕಿಸಿ. ಎಪಾಕ್ಸಿ ಪುಟ್ಟಿ ಮೆತ್ತಿದ್ದು ತಳ ಅದುರಿದಂತೆ ಬಿರುಕು ಬಿಡುತ್ತದೆ.

ಹನಿ ಬರುವುದು ರಿವೆಟ್ ಸಾಲಿನಲ್ಲಲ್ಲದೆ ಸೀಟಿನ ಬುಡದಲ್ಲಿ, ಅಡ್ಡಪಟ್ಟಿಯ ತುದಿಯಲ್ಲಿ ಕೂದಲೆಳೆಯಂಥ ಸೀಳಿನಿಂದಾದರೆ ಆ ದೋಣಿ ಬಿಟ್ಟುಬಿಡಿ, ಅಥವಾ ಬೆಲೆ ಚೆನ್ನಾಗಿ ಇಳಿಸಿ. ಅದಕ್ಕೆ ಆರ್ಗಾನ್ ವೆಲ್ಡಿಂಗೇ ಆಗಬೇಕು, ಗೇಟು ಕಿಟಕಿ ಮಾಡುವವರ ಮೆಷಿನ್‌ನಲ್ಲಿ ಆಗುವುದಿಲ್ಲ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ, ಅಲ್ಯೂಮಿನಿಯಂ ಬೆಸೆಯುವ 5356 ನಂಬರಿನ ಫಿಲ್ಲರ್ ಕಡ್ಡಿ ಇದೆಯಾ ಕೇಳಿ. ವೆಲ್ಡಿಂಗ್‌ಗೆ ಮುಂಚೆ ಸೀಟಿನೊಳಗಿನ ಫೋಮ್ ಪೂರ್ತಿ ತೆಗೆಸಿ, ಅದು ಹೊತ್ತಿಕೊಂಡರೆ ಬರುವುದು ವಿಷದ ಹೊಗೆ. ತೆಗೆದ ಫೋಮ್ ಒದ್ದೆಯಾಗಿ ಭಾರವಾಗಿದ್ದರೆ ಹೊಸದು ಹಾಕಿಸಿ. ದೋಣಿಯಲ್ಲಿ ನೀರು ತುಂಬಿದರೂ ಮುಳುಗದ ಹಾಗೆ ಹಿಡಿಯುವುದು ಅದೇ.

ಮೀನಿನ ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಪೌಡರ್, ವಾಷಿಂಗ್ ಸೋಡಾ ಹಾಕಿ ತೊಳೆಯಬೇಡಿ, ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ. ಒದ್ದೆ ಗೋಣಿಚೀಲ ತಳದಲ್ಲಿ ಬಿಟ್ಟರೂ ಅದರಡಿ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ಕಾಗದಪತ್ರವನ್ನು ಮರೆಯಬೇಡಿ. ಮೋಟರ್ ಕೂರಿಸಿದ ಮೇಲೆ ದೋಣಿ 2021ರ ಒಳನಾಡು ಹಡಗು ಕಾಯ್ದೆಯ ನೋಂದಣಿಗೆ ಬರುತ್ತದೆ. ಹರಿಗೋಲಿನ ಲೈಸೆನ್ಸ್ ಮೋಟರ್ ದೋಣಿಗೂ ಸಾಕಾ ಅಂತ ಮೀನುಗಾರಿಕೆ ಇಲಾಖೆಯಲ್ಲೂ ಕಾವೇರಿ ನೀರಾವರಿ ನಿಗಮದಲ್ಲೂ ಕೇಳಿಯೇ ಮುಂಗಡ ಕೊಡಿ.

ಇನ್ನೊಂದು, ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಊರುಗಳ ಗೋಡೆಕಲ್ಲು, ಮರದ ಬೊಡ್ಡೆ ಒಂದೂವರೆ ಅಡಿ ಕೆಳಗೇ ಇರುತ್ತವೆ. ನಿಮ್ಮ ಮೋಟರ್‌ನಲ್ಲಿ ಶಿಯರ್ ಪಿನ್ (ಪ್ರೊಪೆಲ್ಲರ್‌ಗೆ ಏಟು ಬಿದ್ದಾಗ ಗೇರ್ ಉಳಿಸಲು ತಾನೇ ತುಂಡಾಗುವ ಮೆತ್ತನೆ ಪಿನ್) ಇದ್ದರೆ ನಾಲ್ಕು ಪಿನ್, ಸ್ಪ್ಲಿಟ್ ಪಿನ್, ಒಂದು ಕಟಿಂಗ್ ಪ್ಲೇಯರ್ ದೋಣಿಯಲ್ಲೇ ಕಟ್ಟಿಡಿ. ಪಿನ್ ತುಂಡಾಯಿತು ಅಂತ ಅದರ ಜಾಗಕ್ಕೆ ಉಕ್ಕಿನ ಮೊಳೆ ತುರುಕಿದರೆ ಮುಂದಿನ ಏಟಿಗೆ ಗೇರ್ ಹೋಗುತ್ತದೆ. ಎರಡು ಹುಟ್ಟು ಮಾತ್ರ ಯಾವಾಗಲೂ ದೋಣಿಯಲ್ಲೇ ಇರಲಿ.