ಉದ್ದದ ಮೇಲ್‌ಗೆ ಮೂರು ಸಾಲಿನ ಉತ್ತರ ಸಾಕು

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯ ಒಂದು ಐಟಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಪಕ್ಕದ ಸೀಟಿನ ಸೀನಿಯರ್ ಮೇಡಂಗೆ ಬಿಲ್ ತಡವಾದರೂ ನಾನೇ ಕಾರಣ, ಫೈಲ್ ಸಿಗದಿದ್ದರೂ ನಾನೇ ಕಾರಣ. ರಾತ್ರಿ ಹತ್ತಕ್ಕೆ ಉದ್ದುದ್ದ ಮೇಲ್, ಮ್ಯಾನೇಜರ್‌ಗೂ ಕಾಪಿ. ಎಷ್ಟು ವಿವರಿಸಿದರೂ ಮರುದಿನ ಹೊಸ ತಕರಾರು. ಬಸ್ಸು ಸಿಲ್ಕ್ ಬೋರ್ಡ್ ದಾಟುತ್ತಿದ್ದ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಕೆಲಸ ಬಿಡಲೇ?
– ಹೆಸರು ಬೇಡ, ಬನಶಂಕರಿ

ಉತ್ತರ: ಈಗಲೇ ಬಿಡಬೇಡಿ. ಮೊದಲು ವಿವರಿಸುವುದನ್ನು ಬಿಡಿ. ಎಲ್ಲದಕ್ಕೂ ಇನ್ನೊಬ್ಬರೇ ಕಾರಣ ಅನ್ನುವವರಿಗೆ ನೀವು ಒಂದು ಪುಟ ಬರೆದರೆ, ಅದರಿಂದಲೇ ನಾಲ್ಕು ಮಾತು ಹೆಕ್ಕಿಕೊಂಡು ಮತ್ತೆ ಶುರುಮಾಡುತ್ತಾರೆ, ಅಲ್ವಾ? ರಾತ್ರಿ ಬಂದ ಮೇಲ್‌ಗೆ ಬೆಳಿಗ್ಗೆ ಉತ್ತರಿಸಿ. ಎರಡು ಮೂರು ಸಾಲು, ವಿಷಯ ಮಾತ್ರ, ಮರ್ಯಾದೆಯಿಂದ: "ನಮಸ್ಕಾರ ಮೇಡಂ, ಆ ಬಿಲ್ ಸೋಮವಾರ 11ಕ್ಕೆ ಬಂತು, 4ಕ್ಕೆ ಪಾಸ್ ಮಾಡಿ ಕಳಿಸಿದ್ದೇನೆ. ಆ ಮೇಲ್ ಲಗತ್ತಿಸಿದ್ದೇನೆ." ಅಷ್ಟೇ. ಮಾಡದ ತಪ್ಪಿಗೆ ಸುಮ್ನೆ ಸಾರಿ ಅನ್ನಬೇಡಿ, ನಾಳೆ ಅದನ್ನೇ ತೋರಿಸಿ ನೀವೇ ಒಪ್ಪಿಕೊಂಡಿದ್ದೀರಿ ಅನ್ನಬಹುದು. "ನೀವು ಯಾವಾಗಲೂ ಹೀಗೇ" ಅಂತಲೂ ಬೇಡ. ಅವರ ಸ್ವಭಾವ ತಿದ್ದುವುದು ನಿಮ್ಮ ಕೆಲಸವಲ್ಲ, ಅವರಿಗೆ ಏನೋ ಮಾನಸಿಕ ಕಾಯಿಲೆ ಇದೆ ಅಂತ ಊಟದ ಟೇಬಲ್‌ನಲ್ಲಿ ಮಾತಾಡುವುದಂತೂ ಖಂಡಿತ ಬೇಡ, ಆ ಮಾತು ಅವರ ಕಿವಿಗೆ ಬಿದ್ದೇ ಬೀಳುತ್ತದೆ.

ದಿನಾಂಕ, ಬಿಲ್ ನಂಬರ್, ಏನಾಯಿತು, ಇಷ್ಟನ್ನು ಒಂದು ಕಡೆ ಬರೆದಿಡಿ. ಎರಡು ವಾರದ ನಂತರ ಮ್ಯಾನೇಜರ್ ಹತ್ತಿರ ಹೋಗಿ. ಆಕೆ ಕೆಟ್ಟವರು ಅನ್ನುವ ದೂರು ಬೇಡ, ಇಷ್ಟು ಗಂಟೆ ಕೆಲಸ ಹಾಳಾಯಿತು ಅನ್ನುವ ಲೆಕ್ಕ ಕೊಡಿ, ಜೊತೆಗೆ ಬಿಲ್ ಬಂದ ಸಮಯ, ಹೋದ ಸಮಯ ಎಲ್ಲರೂ ಒಂದೇ ಶೀಟ್‌ನಲ್ಲಿ ಬರೆಯೋಣ ಅಂತ ಕೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಎಚ್‌ಆರ್‌ಗೆ ಬರಹದಲ್ಲಿ ಕೊಡಿ. ಕೆಲಸದ ನಿಯಮಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಾಗ ನಮ್ಮ ರಾಜ್ಯ ಸರ್ಕಾರ ಹಾಕಿದ ಷರತ್ತುಗಳಲ್ಲಿ ನೌಕರರ ದೂರು ಕೇಳುವ ಕುಂದುಕೊರತೆ ಸಮಿತಿಯೂ ಒಂದಾಗಿತ್ತು. ನಿಮ್ಮ ಕಂಪನಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ.

ಎದೆ ಹೊಡೆದುಕೊಳ್ಳುವುದನ್ನು ಮಾತ್ರ ತಳ್ಳಿಹಾಕಬೇಡಿ, ನನಗೆ ಜಾಸ್ತಿ ಚಿಂತೆ ಅದರದ್ದೇ. ಒಮ್ಮೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮೂರು ತಿಂಗಳು ಹೀಗೆ ಮಾಡಿ ನೋಡಿ. ಆಮೇಲೂ ಮೇಲಿನವರು ಕಣ್ಣು ಮುಚ್ಚಿಕೊಂಡೇ ಇದ್ದರೆ ಬೇರೆ ಕಡೆ ಹುಡುಕಿ, ಆಫರ್ ಲೆಟರ್ ಕೈಗೆ ಬಂದ ಮೇಲೆ ರಾಜೀನಾಮೆ ಕೊಡಿ.