ಮನೆಯಲ್ಲೇ ಜೋಡಿಸಿದ ಸಿಂಥಸೈಜರ್‌ನಲ್ಲಿ ಗುಂಯ್ ಸದ್ದು

ಪ್ರಶ್ನೆ: ನಾನೇ ಜೋಡಿಸಿದ ಅನಲಾಗ್ ಸಿಂಥಸೈಜರನ್ನು ಆಂಪ್ಲಿಫೈಯರ್‌ಗೆ ಸೇರಿಸಿದಾಗ, ಏನನ್ನೂ ನುಡಿಸದಿದ್ದರೂ ಗುಂಯ್ ಎನ್ನುವ ಸದ್ದು ನಿಲ್ಲದೆ ಕೇಳಿಸುತ್ತದೆ. ಕಾರಣವನ್ನು ಪತ್ತೆ ಮಾಡುವುದು ಹೇಗೆ?

ಉತ್ತರ: ಸಿಂಥಸೈಜರನ್ನು ಬೇರೆಲ್ಲ ಉಪಕರಣಗಳಿಂದ ಬಿಡಿಸಿ, ಬ್ಯಾಟರಿಯಿಂದ ನಡೆಯುವ ಸಣ್ಣ ಆಂಪ್ಲಿಫೈಯರ್‌ನಲ್ಲಿ ಆಲಿಸಿರಿ. ಸದ್ದು ನಿಂತರೆ, ಎರಡು ಉಪಕರಣಗಳ ಅರ್ಥಿಂಗ್ ಕೇಬಲ್ಲಿನ ಮೂಲಕ ಕೂಡಿ ಗ್ರೌಂಡ್ ಲೂಪ್ (ಕರೆಂಟು ಹರಿಯುವ ಮುಚ್ಚಿದ ಸುತ್ತು) ಆಗಿದೆಯೆಂದು ತಿಳಿಯಬಹುದು. ನಡುವೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದು ಕಡಿಯುತ್ತದೆ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದಿಗೂ ತೆಗೆಯಬೇಡಿರಿ, ಅದು ಪ್ರಾಣಾಪಾಯದ ದಾರಿ.

ಸದ್ದು ಉಳಿದರೆ ದೋಷ ಒಳಗಿದೆ. ನಾನು ಮೊದಲು ಶಂಕಿಸುವುದು ಗ್ರೌಂಡ್ ತಂತಿಗಳ ಜೋಡಣೆಯನ್ನೇ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್, ಆ ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರನ್ನು ಸೆಕೆಂಡಿಗೆ 100 ಬಾರಿ ತುಂಬಿಸುವುದರಿಂದ, ಆ ಕರೆಂಟು ಹರಿಯುವ ತಂತಿಯನ್ನೇ ಆಡಿಯೊ ಗ್ರೌಂಡಾಗಿಯೂ ಬಳಸಿದ್ದರೆ, ತಂತಿಯ ಅತ್ಯಲ್ಪ ರೋಧದಲ್ಲೂ ವೋಲ್ಟೇಜ್ ಹುಟ್ಟಿ ಸಿಗ್ನಲ್‌ನೊಡನೆ ಬೆರೆಯುತ್ತದೆ. ಸಿಂಥಸೈಜರ್‌ನ ಪವರ್ ಸಪ್ಲೈ ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪನ್ನೂ (ಸುರುಳಿಯ ನಡುವಿನಿಂದ ಬರುವ ತಂತಿ) ಕೆಪಾಸಿಟರ್‌ಗಳ ಗ್ರೌಂಡ್ ತುದಿಗಳನ್ನೂ ದಪ್ಪನೆಯ ಗಿಡ್ಡ ತಂತಿಯಿಂದ ಕೂಡಿಸಿ, ಅಲ್ಲಿಂದ ಒಂದೇ ತಂತಿಯನ್ನು ಸ್ಟಾರ್ ಬಿಂದುವಿಗೆ (ಎಲ್ಲ ಗ್ರೌಂಡ್ ತಂತಿಗಳೂ ಸೇರುವ ಒಂದೇ ಜಾಗ) ತಂದು, ಪ್ರತಿ ಮಾಡ್ಯೂಲ್‌ಗೂ ಪ್ರತ್ಯೇಕ ಗ್ರೌಂಡ್ ತಂತಿಯನ್ನು ಆ ಬಿಂದುವಿನಿಂದಲೇ ಎಳೆಯಿರಿ. ಆಮೇಲೂ ಸದ್ದಿದ್ದರೆ ಸ್ವಿಚ್ ಹಾಕಿರುವಾಗ ಟ್ರಾನ್ಸ್‌ಫಾರ್ಮರನ್ನು ಮುಟ್ಟದೆ, ವಿದ್ಯುತ್ ಕಡಿದು, ಅದನ್ನು ಸರ್ಕ್ಯೂಟ್‌ನಿಂದ ದೂರ ಕೂರಿಸಿ ನೋಡಿರಿ.