ಪೆಲ್ಟಿಯರ್ ವೋಲ್ಟೇಜ್ ಯಾಕೆ ಬೀಳುತ್ತದೆ?

ಟಿಇಸಿ1-12706 ಮಾದರಿಯ ಪೆಲ್ಟಿಯರ್ ತುಂಡನ್ನು (ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗುವ, ತಿರುಗಿಸಿ ಬಳಸಿದರೆ ಬಿಸಿಯಿಂದ ಕರೆಂಟ್ ಕೊಡುವ ಚಪ್ಪಟೆ ತುಂಡು) ಬಿಸಿ ತವದ ಮೇಲಿಟ್ಟರೆ ಮೊದಲು 2 ವೋಲ್ಟ್ ಬಂದು, ಅರ್ಧ ನಿಮಿಷದಲ್ಲಿ ಅರ್ಧ ವೋಲ್ಟಿಗೆ ಇಳಿಯುತ್ತದೆ, ತುಂಡು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಗಾಬರಿ ಬೇಡ.

ಅದಕ್ಕೆ ಬೇಕಿರುವುದು ಬರೀ ಬಿಸಿ ಅಲ್ಲ, ಎರಡು ಮುಖಗಳ ನಡುವಿನ ಬಿಸಿಯ ವ್ಯತ್ಯಾಸ. ತುಂಡಿನ ದಪ್ಪ ಸುಮಾರು 4 ಮಿಲಿಮೀಟರ್ ಅಷ್ಟೇ. ಕೆಳಗಿನ ಶಾಖ ಬೇಗ ಮೇಲಕ್ಕೆ ಬರುತ್ತದೆ, ಎರಡೂ ಕಡೆ ಬಿಸಿಯಾಗುತ್ತದೆ, ವೋಲ್ಟೇಜ್ ಬೀಳುತ್ತದೆ. ಮೇಲಿನ ಮುಖಕ್ಕೆ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಅಂಟು ಪದಾರ್ಥ) ತೆಳ್ಳಗೆ ಹಚ್ಚಿ, ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್ (ಶಾಖವನ್ನು ಗಾಳಿಗೆ ಬಿಡುವ ಲೋಹದ ತುಂಡು) ಒತ್ತಿ ಕೂರಿಸಿ. ಇನ್ನೂ ಒಳ್ಳೆಯದೆಂದರೆ ತಳ ಚಪ್ಪಟೆ ಇರುವ ಪಾತ್ರೆಯಲ್ಲಿ ತಣ್ಣೀರು. ನಾನೂ ಮೊದಲ ಸಲ ಹೀಟ್‌ಸಿಂಕ್ ಸುಮ್ನೆ ಮೇಲಿಟ್ಟಿದ್ದೆ, ಏನೂ ಪ್ರಯೋಜನ ಆಗಲಿಲ್ಲ. ನಡುವೆ ಗಾಳಿ ಉಳಿದರೆ ಎಲ್ಲ ವ್ಯರ್ಥ.

ಲೆಕ್ಕ ನೋಡಿ. ತುಂಡಿನ ಒಳಗೆ ಅರೆವಾಹಕದ (ಸೆಮಿಕಂಡಕ್ಟರ್) 127 ಜೋಡಿಗಳಿವೆ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಲ್ಲ ಸೇರಿ ಸುಮಾರು 0.05 ವೋಲ್ಟ್. 60 ಡಿಗ್ರಿ ಸಿಕ್ಕರೆ 3 ವೋಲ್ಟ್. ಆದರೆ ಇದು ಏನೂ ಜೋಡಿಸದೆ ಮೀಟರಿನಲ್ಲಿ ಕಾಣುವ ಅಂಕಿ! ಒಳಗಿನ ರೆಸಿಸ್ಟೆನ್ಸ್ 2 ಓಮ್ ಆಸುಪಾಸು ಇರುವುದರಿಂದ, ಕೈಗೆ ಸಿಗುವುದು ಹೆಚ್ಚೆಂದರೆ 1 ವ್ಯಾಟ್, ಅದೂ ಒಂದೂವರೆ ವೋಲ್ಟಿನಲ್ಲಿ. ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಹಾಕಿ ಎಲ್‌ಇಡಿ ಉರಿಸಬಹುದು. ಫೋನ್ ಚಾರ್ಜ್ ಮಾಡಲು ನಾಲ್ಕೈದು ತುಂಡುಗಳನ್ನು ಸರಣಿಯಲ್ಲಿ ಜೋಡಿಸಬೇಕಾದೀತು.

ತವ ಜಾಸ್ತಿ ಕಾಯಿಸಬೇಡಿ. ತಂಪು ಮಾಡಲೆಂದೇ ತಯಾರಿಸಿದ ಇಂಥ ಹಲವು ತುಂಡುಗಳಲ್ಲಿ ಒಳಗಿನ ಬೆಸುಗೆ 138 ಡಿಗ್ರಿಗೇ ಕರಗುತ್ತದೆ. ಒಲೆಗೇ ಇಡುವುದಾದರೆ ವಿದ್ಯುತ್ ಉತ್ಪಾದನೆಗೆಂದೇ ಮಾಡಿದ ಟಿಇಜಿ ತುಂಡು ತಗೊಳ್ಳಿ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೂ ಕರೆಂಟ್ ಕೊಡುವುದು ಇದೇ ತತ್ವ. ಅಲ್ಲಿ ತಣ್ಣನೆಯ ಕಡೆಗೆ ಕೊರತೆಯಿಲ್ಲ, ಅಲ್ವಾ?